ಪ್ರಶ್ನೆಗುರುತುಗಳ ಜೋಗುಳ

ಬಸ್ಸಿನ ಬೋರ್ಡು ಕಂಡರೆ ಓದದೆ ಬಿಡುವವಳಲ್ಲ ನಾನು. ನಾನು ಹತ್ತಬೇಕಾದ ಬಸ್ಸೇ ಆಗಬೇಕೆಂದಿಲ್ಲ. ಹಿಂದೂಪುರದ ಬಸ್‌ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ ನಿಂತ ಬಸ್ಸು, ಹೊರಟ ಬಸ್ಸು, ಡಿಪೋಗೆ ವಾಪಸಾಗುತ್ತಿರುವ ಖಾಲಿ ಬಸ್ಸು, ಎಲ್ಲದರ ಹಣೆಯನ್ನೂ ಓದಿ ಮುಗಿಸಿಯೇ ಮುಂದಿನ ಹೆಜ್ಜೆ. ತರಕಾರಿ ಚೀಲ ಹಿಡಿದು ಮಿಕಮಿಕ ನೋಡುತ್ತಾ ನಿಂತವಳನ್ನು ಕಂಡು ಆಟೋದವರು "ಎಕ್ಕಡಿಕಮ್ಮಾ? ಯಾವೂರಿಗೆ ಹೋಗ್ಬೇಕು?" ಎಂದು ಎರಡೂ ಭಾಷೆಯಲ್ಲಿ ವಿಚಾರಿಸುತ್ತಾರೆ. "ಎಲ್ಲಿಗೂ ಇಲ್ಲ ಕಣಪ್ಪ" ಎಂದರೆ ಅವರಿಗೆ ನನ್ನ ಬುದ್ಧಿಯ ಬಗ್ಗೆ ಅನುಮಾನ ಬರುತ್ತದೆ. ನನ್ನ ಮನೆಯವರಿಗೆ ಆ ಅನುಮಾನ ಬಂದು ಬಹಳ ವರ್ಷವಾಯಿತು.

ಈ ಚಟ ಅಂಟಿದ್ದು ಚಿಕ್ಕಂದಿನಲ್ಲಿ. ನಮ್ಮ ಮನೆಯ ಮಾತು ಕನ್ನಡ, ಸ್ಕೂಲಿನ ಓದು ತೆಲುಗು. ಅವ್ವನ ಹತ್ತಿರ ಬೈಸಿಕೊಂಡದ್ದು ಕನ್ನಡದಲ್ಲಿ, ಮೇಷ್ಟ್ರ ಹತ್ತಿರ ಬೈಸಿಕೊಂಡದ್ದು ತೆಲುಗಿನಲ್ಲಿ. ಎರಡೂ ಚೆನ್ನಾಗಿ ಅರ್ಥವಾಗುತ್ತಿದ್ದವು. ಕನ್ನಡ ಆಡಲು ಬರುತ್ತಿತ್ತೇ ಹೊರತು ಅದಕ್ಕೊಂದು ಅಕ್ಷರಮಾಲೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅಪ್ಪ ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸಕ್ಕಿದ್ದ. ರಜೆಯ ದಿನ ಅವನಿಗೆ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ, ದಾರಿ ಬಸ್‌ಸ್ಟ್ಯಾಂಡಿನ ಮೇಲೇ. ನಮ್ಮ ಬಸ್ಸುಗಳ ಬೋರ್ಡು ತೆಲುಗು, ಗಡಿಯಾಚೆಯಿಂದ ಬಂದವುಗಳದ್ದು ಕನ್ನಡ. ಕಂಡಕ್ಟರು "ಮಧುಗಿರಿ, ಮಧುಗಿರಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರಿಂದ ನನಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು, ಲೆಕ್ಕ ಬಿಡಿಸುವುದಷ್ಟೇ ಉಳಿದದ್ದು. ಗ ಎಂಬುದು ನಮ್ಮ ಗ ಇದ್ದ ಹಾಗೇ ಇದೆ. ರ ಅಂತೂ ನಮ್ಮದೇ ರ. ತಲೆಯ ಮೇಲಿನ ತಲೆಕಟ್ಟು ಮಾತ್ರ ಬೇರೆ. ಬುತ್ತಿ ತಣ್ಣಗಾಗುವ ತನಕ ನಿಂತು ಓದಿ, ಮಂಡಿಗೆ ಓಡಿಹೋಗಿ ಅಪ್ಪನಿಗೆ ಈ ಸುದ್ದಿ ಮುಟ್ಟಿಸಿದೆ.

"ಎರಡೂ ಒಂದೇ ಕಣಮ್ಮಿ. ಒಂದುಕ್ಕೆ ತಲೆ ಬಾಚವ್ರೆ, ಇನ್ನೊಂದುಕ್ಕೆ ಬಾಚಿಲ್ಲ, ಅಷ್ಟೇಯ" ಎಂದ ಅಪ್ಪ, ಹುಣಸೆಹಣ್ಣು ಮೆತ್ತಿದ ಕೈ ತೊಳೆದುಕೊಳ್ಳುತ್ತಾ. ಬಾಚಿದ್ದು ಯಾವುದಕ್ಕೆ, ಬಾಚದೆ ಬಿಟ್ಟದ್ದು ಯಾವುದಕ್ಕೆ ಎಂದು ಹೇಳಲಿಲ್ಲ. ಎರಡು ಭಾಷೆಯವರ ನಡುವೆ ಬದುಕು ಮಾಡಬೇಕಾದ ಮನುಷ್ಯ, ಜಾಣ.

ಅಪ್ಪನ ಈ ಮಾತು ಮತ್ತೆ ನೆನಪಾದದ್ದು ಈಚೆಗೆ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಗ. ನಾನು ತೆಲುಗು ಮೀಡಿಯಂ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ಬೇರೆಯವರು ಉಪ್ಪಿನಕಾಯಿ ಹಾಕುತ್ತಾರೆ, ಕಾಶಿಗೆ ಹೋಗುತ್ತಾರೆ. ನಾನು ಇ-ಪುಸ್ತಕ ಮಾಡುವುದನ್ನು ಹಿಡಿದೆ. ಯಾರೋ ಗೆಳತಿಯ ಅಡುಗೆಗಳು, ಮತ್ಯಾರದೋ ಯಾತ್ರೆಯ ಕಥೆ, ಹೀಗೆ ಬೇಕಾದವರಿಗೆ ಫೋನಿನಲ್ಲಿ ಓದುವ ಹಾಗೆ ಮಾಡಿಕೊಡುತ್ತೇನೆ. ಇ-ಪುಸ್ತಕವೆಂದರೆ ದೊಡ್ಡ ವಿದ್ಯೆಯೇನಲ್ಲ. ಅದೊಂದು ಗಂಟು. ಬಿಚ್ಚಿದರೆ ಒಳಗೆ ಒಂದೊಂದು ಅಧ್ಯಾಯಕ್ಕೆ ಒಂದೊಂದು ಪುಟದ ಫೈಲು. ಯಾವುದನ್ನು ಬೇಕಾದರೂ ಸಾಧಾರಣ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ತಿದ್ದಿ, ಮತ್ತೆ ಗಂಟು ಕಟ್ಟಿಡಬಹುದು. ತೆರೆದಾಗ ಅಕ್ಷರ ಅಕ್ಷರವಾಗಿಯೇ ಕಾಣಿಸಿದರೆ ನಿಮ್ಮ ಪುಣ್ಯ.

ಕಲ್ಯಾಣದುರ್ಗದಿಂದ ಗೋವಿಂದ ಕಳಿಸಿದ ಪುಸ್ತಕ ತೆರೆದ ದಿನ ನನಗೆ ಆ ಪುಣ್ಯ ಇರಲಿಲ್ಲ.

ಗೋವಿಂದ ನನ್ನ ಚಿಕ್ಕಮ್ಮನ ಒಬ್ಬನೇ ಮಗ, ಕಲ್ಯಾಣದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಚಿಕ್ಕಮ್ಮನ ವಿಷಯ ಸ್ವಲ್ಪ ಹೇಳಲೇಬೇಕು. ಅವಳು ಅವ್ವನ ತಂಗಿ. ಮದುವೆಯಾಗುವ ತನಕ ಹಿಂದೂಪುರದಲ್ಲಿ ನಮ್ಮ ಜೊತೆಯಲ್ಲೇ ಇದ್ದವಳು. ಅವ್ವ ಹೆತ್ತಳು, ಎತ್ತಿ ಆಡಿಸಿದವಳು ಚಿಕ್ಕಮ್ಮ. ಈ ಮಾತನ್ನು ಅವ್ವನೇ ಹೇಳುತ್ತಿದ್ದಳು, ಅರ್ಧ ಮೆಚ್ಚಿಕೊಂಡು, ಅರ್ಧ ಹೊಟ್ಟೆಕಿಚ್ಚುಪಟ್ಟುಕೊಂಡು. ಅವಳಿಗೆ ಮದುವೆಯಾದ ಮೇಲೆ ನನ್ನ ಬೇಸಿಗೆ ರಜೆಗಳೆಲ್ಲ ಕಲ್ಯಾಣದುರ್ಗದ ಕಡೆ. ಕಡಲೆಕಾಯಿ ಹೊಲದ ಅಂಚಿಗೆ ಒಂದು ಹುಣಸೆಮರ. ಅದರ ಕೊಂಬೆಗೆ ಸೀರೆ ಕಟ್ಟಿ, ಅದರೊಳಗೆ ಗೋವಿಂದನನ್ನು ಮಲಗಿಸಿ ಚಿಕ್ಕಮ್ಮ ಹಾಡುತ್ತಿದ್ದಳು. ಕೆಳಗೆ ಕೂತು ಹಸಿ ಕಡಲೆಕಾಯಿ ಸುಲಿದು ತಿನ್ನುತ್ತಾ ನಾನು ಕೇಳುತ್ತಿದ್ದೆ. ಕೇಳುತ್ತಿದ್ದೆ ಅಂದರೆ, ಬಾಯಿಗಿದ್ದಷ್ಟು ಗಮನ ಕಿವಿಗೆ ಇರಲಿಲ್ಲ.

ಅವಳ ದನಿ ಎಂಥದೆಂದು ಬರೆದು ತೋರಿಸಲು ನನಗೆ ಬರುವುದಿಲ್ಲ. ಮೂರು ಹೊಲದಾಚೆ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳುತ್ತಿದ್ದರು, ಇಷ್ಟು ಹೇಳಬಲ್ಲೆ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಯಾರ ಮನೆಯಲ್ಲಿ ಹಸೆ ಹಾಕಿದರೂ ಚಿಕ್ಕಮ್ಮನಿಗೆ ಕರೆ ಬರುತ್ತಿತ್ತು. ಹಾಡು ಕನ್ನಡದವು. ಕೇಳುವವರು ತೆಲುಗಿನವರಾದರೂ ಬೇಡವೆನ್ನುತ್ತಿರಲಿಲ್ಲ, ಮಗು ಯಾವ ಭಾಷೆಯದಾದರೂ ನಿದ್ದೆ ಮಾಡುತ್ತಿತ್ತು.

ಎರಡು ವರ್ಷದ ಕೆಳಗೆ ಆ ಗಂಟಲಿಗೇ ರೋಗ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಬೆಂಗಳೂರಿನ ಡಾಕ್ಟರು. ನಾವೆಲ್ಲ ಅತ್ತೆವು. ಚಿಕ್ಕಮ್ಮ ಗೋವಿಂದನ ಹಳೇ ಫೋನು ಕೇಳಿ ಇಸಿದುಕೊಂಡಳು. ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ ಗೋಡೆಗೆ ಒರಗಿ ಕೂತು, ಒಂದೊಂದು ಸಾಲನ್ನೇ ಮೆಲ್ಲಗೆ ಹಾಡಿಕೊಳ್ಳುತ್ತಾ, ಒಂದು ಬೆರಳಿನಲ್ಲಿ ಅಕ್ಷರ ಒತ್ತುತ್ತಾ ತನ್ನ ಹಾಡುಗಳನ್ನೆಲ್ಲ ಇಳಿಸಿ ಮಗನಿಗೆ ಮೆಸೇಜು ಕಳಿಸಿದಳು. ಅವಳಿಗೆ ಗೊತ್ತಿದ್ದದ್ದು ತೆಲುಗು ಅಕ್ಷರ. ಹಾಗಾಗಿ ಹಾಡು ಕನ್ನಡ, ಅಕ್ಷರ ತೆಲುಗು. ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ಇರುವ ವ್ಯವಹಾರ.

"ಅದ್ಯಾಕವ್ವ ಕಷ್ಟ ಪಡ್ತೀಯ? ಹಾಡು, ರೆಕಾರ್ಡ್ ಮಾಡ್ಕೊಂಡ್ಬುಡ್ತೀನಿ" ಎಂದನಂತೆ ಗೋವಿಂದ.

"ಈ ಒಡಕ ಗಂಟ್ಲಾಗೆ ಹಾಡಿದ್ದು ಉಳೀಬಾರ್ದು ಕಣ್ಲಾ. ಮಾತು ಉಳೀಲಿ ಸಾಕು. ದನಿ ಯಾರ್ದಾದ್ರೂ ಆಯ್ತದೆ" ಅಂದಳಂತೆ. ಅವಳ ಬಾಯಿಂದ ಅವನು ಕೇಳಿಸಿಕೊಂಡ ಕೊನೆಯ ಮಾತುಗಳಲ್ಲಿ ಇದೂ ಒಂದು.

ಈಗ ಗೋವಿಂದನ ಮಗನಿಗೆ ಹೆಣ್ಣುಮಗುವಾಗಿತ್ತು. ಸೊಸೆ ಕಾವ್ಯ ಮಧುಗಿರಿ ಕಡೆಯವಳು. ಬಾಣಂತನ ಮುಗಿಸಿಕೊಂಡು ಮಗುವಿನೊಡನೆ ಗಂಡನ ಮನೆಗೆ ಬಂದ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಆ ಮನೆಯ ಪದ್ಧತಿ. ಆ ದಿನಕ್ಕೆ ಚಿಕ್ಕಮ್ಮನ ಹಾಡುಗಳು ಪುಸ್ತಕವಾಗಿ ಎಲ್ಲರ ಫೋನಿನಲ್ಲಿ ಇರಬೇಕು, ಹೆಂಗಸರು ನೋಡಿಕೊಂಡು ಹಾಡಬೇಕು. ಚಿಕ್ಕಮ್ಮನ ಆಸೆ ಇದೊಂದೇ. ಗೋವಿಂದ ತಾನೇ ಇ-ಪುಸ್ತಕ ಮಾಡಲು ಕೂತ. ಅಲ್ಲಿಂದ ನನ್ನ ಕಥೆ ಶುರು.

ಅವನು ಕಳಿಸಿದ ಗಂಟು ಬಿಚ್ಚಿ ಒಂದು ಪುಟ ತೆರೆದೆ. ತೆಲುಗೂ ಇಲ್ಲ, ಕನ್ನಡವೂ ಇಲ್ಲ. ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷಿನ ಪುಟ್ಟ a ಸಾಲು ಸಾಲಾಗಿ ನಿಂತಿದೆ. ಅದರ ಬೆನ್ನಿಗೊಂದು ಸೊನ್ನೆ, ಆಮೇಲೊಂದು ಕೊಕ್ಕೆ, ಮತ್ತೆ a. à° à° à± à°. ಪುಟದ ತುಂಬಾ ಇದೇ. ಇರುವೆಗಳಿಗೆ ಹುಚ್ಚು ಹಿಡಿದ ಹಾಗೆ ಕಂಡಿತು. ಗೋವಿಂದನಿಗೆ ಫೋನು ಮಾಡಿದೆ.

"ಪದ್ದಕ್ಕ, ಅದೇ ನಂಗೂ ಭಯ ಆಯ್ತಾ ಐತೆ. ಅಂತಾ ಪೋಯಿಂದೇನೋ ಅಂತ. ಅವ್ವಂಗೆ ಇನ್ನೂ ಹೇಳಿಲ್ಲ ಕಣಕ್ಕ" ಎಂದ. ಎಲ್ಲಾ ಹೋಯಿತೇನೋ ಎಂದು ಅವನ ಭಯ. ಗಾಬರಿಯಾದರೆ ಅವನ ನಾಲಿಗೆ ತೆಲುಗಿಗೆ ಹೊರಳುತ್ತದೆ.

"ಮೆಸೇಜು ಇರ್ತವಲ್ಲೋ?"

"ಫೋನ್ ಫುಲ್ ಆಗಿತ್ತು ಅಂತ ಎಲ್ಲಾ ತೆಗೆದ್ಬುಟ್ಟೆ. ಅವ್ವನ ಫೋನು ನೀರಿನ ಸಂಪಿಗೆ ಬಿದ್ದು ಹೋಗಿ ಆರು ತಿಂಗ್ಳಾಯ್ತು."

ನಾನು ಬೈಯಬೇಕೆಂದು ಬಾಯಿ ತೆರೆದೆ. ಆದರೆ ಎದುರಿಗಿದ್ದ ಆ ಹುಚ್ಚು ಪುಟವನ್ನೇ ನೋಡುತ್ತಾ ನೋಡುತ್ತಾ ಬೈಗುಳ ಮರೆತೆ. ಯಾಕೆಂದರೆ ಎಲ್ಲೋ ನಡುವೆ, ಸೊನ್ನೆ ಇರಬೇಕಾದ ಕಡೆ ಒಂದು ಪುಟ್ಟ 2 ಕಂಡಿತು. à². ಇನ್ನೊಂದು ಕಡೆ ಪುಟ್ಟ 3.

ನೀವು ನಗಬಹುದು, ಆ ಪುಟ್ಟ ಎರಡನ್ನು ನೋಡಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ. ಕಂಪ್ಯೂಟರಿನೊಳಗೆ ಲೋಕದ ಅಕ್ಷರಗಳಿಗೆಲ್ಲ, ಮನೆಗಳಿಗೆ ಕೊಟ್ಟ ಹಾಗೆ, ನಂಬರು ಕೊಟ್ಟಿದ್ದಾರೆ. ಒಂದೊಂದು ಲಿಪಿಗೂ ಒಂದೊಂದು ಬೀದಿ. ಲೋಕದಲ್ಲಿ ಅಷ್ಟೊಂದು ಲಿಪಿಗಳಿದ್ದರೂ ತೆಲುಗಿನ ಬೀದಿ ಮುಗಿದ ಕೂಡಲೇ ಶುರುವಾಗುವುದು ಕನ್ನಡದ ಬೀದಿ. ಅಕ್ಷರವನ್ನು ತಪ್ಪಾಗಿ ಓದಿ ಹೀಗೆ ಗಲಿಬಿಲಿ ಮಾಡಿದಾಗಲೂ ಬೀದಿಯ ಗುರುತು ಅಳಿಯುವುದಿಲ್ಲ. ಸೊನ್ನೆಯೋ ಕೂಡುವ ಕಳೆಯುವ ಗುರುತೋ ಬಂದರೆ ತೆಲುಗು, ಎರಡೋ ಮೂರೋ ಬಂದರೆ ಕನ್ನಡ. ಅಂದರೆ ಒಂದಕ್ಷರವನ್ನೂ ಓದಲಾಗದ ಆ ಪುಟ, ಚಿಕ್ಕಮ್ಮ ತೆಲುಗಿನಲ್ಲಿ ಬರೆಯುತ್ತಾ ಬರೆಯುತ್ತಾ ನಡುನಡುವೆ ಕನ್ನಡದ ಅಕ್ಷರ ಹಾಕಿದ್ದಾಳೆ ಎಂದು ನನಗೆ ಹೇಳುತ್ತಿತ್ತು. ಕನ್ನಡ ಅಕ್ಷರವೇ ಬಾರದ ಚಿಕ್ಕಮ್ಮ!

"ಏನೂ ಹೋಗಿಲ್ಲ ಕಣೋ, ಎಲ್ಲಾ ಇಲ್ಲೇ ಐತೆ" ಎಂದೆ ಫೋನಿನಲ್ಲಿ. ಆಚೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು.

ನಿಜವಾಗಿ ಏನೂ ಹೋಗಿರಲಿಲ್ಲ. ಗೋವಿಂದ ಯಾವುದೋ ಹಳೇ ಇಂಗ್ಲಿಷ್ ಇ-ಪುಸ್ತಕವನ್ನು ಅಚ್ಚಾಗಿ ಇಟ್ಟುಕೊಂಡು ಅದರೊಳಗೆ ನಮ್ಮ ಹಾಡು ತುಂಬಿದ್ದ. ಪ್ರತಿ ಪುಟದ ಮೊದಲ ಸಾಲಿನಲ್ಲಿ, ಕೆಳಗಿನದನ್ನು ಯಾವ ಕ್ರಮದಲ್ಲಿ ಓದಬೇಕೆಂಬ ಸೂಚನೆ ಇರುತ್ತದೆ. ಅಲ್ಲಿ ಇಂಗ್ಲಿಷಿನವರ ಹಳೇ ಕ್ರಮದ ಹೆಸರು ಹಾಗೇ ಉಳಿದುಬಿಟ್ಟಿತ್ತು. ಪಾಪ, ಕಂಪ್ಯೂಟರು ಹೇಳಿದಂತೆ ಓದಿತ್ತು. ಎಡಿಟರಿಗೆ ಇದನ್ನು ಲೋಕದ ಎಲ್ಲ ಲಿಪಿಗೂ ಒಗ್ಗುವ ಯುಟಿಎಫ್-8 ಕ್ರಮದಲ್ಲಿ ಮತ್ತೆ ತೆರೆ ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇರುವೆಗಳೆಲ್ಲ ಹೋಗಿ ತೆಲುಗು ಅಕ್ಷರ ಬಂದು ಕೂತವು. ಮೊದಲ ಸಾಲನ್ನೂ ತಿದ್ದಿ ಉಳಿಸಿದೆ. ಇಷ್ಟು ವರ್ಷ ಮಕ್ಕಳಿಗೆ ಆಮ್ಲ ಪ್ರತ್ಯಾಮ್ಲ ಬೆರೆಸಿ ಬಣ್ಣ ಬದಲಾಯಿಸಿ ತೋರಿಸಿದವಳು ನಾನು. ಆದರೂ ಹೀಗೆ ಆದಾಗಲೆಲ್ಲ ಒಂದು ಸಲ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಕೆಟ್ಟುಹೋಯಿತು ಎಂದುಕೊಂಡದ್ದು ಒಂದು ಚೂರೂ ಕೆಡದೆ, ಸರಿಯಾಗಿ ಓದುವವರಿಗೆ ಕಾದು ಕೂತಿರುತ್ತದಲ್ಲ, ಅದು ನನಗೆ ಇನ್ನೂ ನಂಬಲಾಗದ ವಿಷಯ.

ಕನ್ನಡದ ಬೆರಕೆ ಹೇಗಾಯಿತೆಂಬುದೂ ತಿಳಿಯಿತು. ಗೋವಿಂದನ ಹಳೇ ಫೋನಿನಲ್ಲಿ ಎರಡೂ ಭಾಷೆಯ ಕೀಬೋರ್ಡು ಇತ್ತು. ಬೆರಳು ತಗಲಿ ಒಂದು ಹೋಗಿ ಇನ್ನೊಂದು ಬಂದಾಗ ಚಿಕ್ಕಮ್ಮ ತಲೆ ಕೆಡಿಸಿಕೊಂಡಿಲ್ಲ. ತನಗೆ ಗುರುತು ಸಿಕ್ಕಿದ ರ, ಲ, ಗ, ಜ ಯಾವ ಬೀದಿಯದಾದರೇನು, ಒತ್ತಿದ್ದಾಳೆ. ಕಣ್ಣಿಗೆ ಎಲ್ಲ ಸರಿಯಾಗೇ ಕಾಣಿಸಿದೆ. ಕಂಪ್ಯೂಟರು ಮಾತ್ರ ಒಪ್ಪಿಲ್ಲ. ಕನ್ನಡದ ಅಕ್ಷರಕ್ಕೆ ತೆಲುಗಿನ ಕೊಂಬು ಬಂದ ಕಡೆಯೆಲ್ಲ, ಕೂರಲು ಜಾಗ ಸಿಗದ ಕೊಂಬಿಗೆ ಚುಕ್ಕೆ ಚುಕ್ಕೆಯ ಖಾಲಿ ಉಂಗುರವೊಂದನ್ನು ಇಟ್ಟು ಕೂರಿಸಿದೆ. ನಮ್ಮ ಊರಿನವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು ಇದು. ಒಂಟಿಯಾಗಿ ಕೂತು ನಕ್ಕೆ.

ಆ ನಗು ಮೊದಲನೇ ಹಾಡಿನ ಪುಟ ತೆರೆಯುವ ತನಕ ಇತ್ತು.

ಅದು ತೊಟ್ಟಿಲ ಹಾಡು. ಚಿಕ್ಕಮ್ಮ ಎಲ್ಲಕ್ಕಿಂತ ಮೊದಲು ಬರೆದು ಕಳಿಸಿದ್ದು. ಆ ಪುಟದಲ್ಲಿ ಇರುವೆಗಳಿರಲಿಲ್ಲ. ಬರೀ ಪ್ರಶ್ನೆಗುರುತುಗಳು. ಸಾಲಿಗೆ ಸಾಲು, ಪದಕ್ಕೆ ಪದ, ಪ್ರಶ್ನೆಗುರುತು. ಯುಟಿಎಫ್-8 ಅಂದೆ, ಬದಲಾಗಲಿಲ್ಲ. ಗೊತ್ತಿದ್ದ ಕ್ರಮಗಳನ್ನೆಲ್ಲ ಹೇಳಿ ನೋಡಿದೆ. ಪ್ರಶ್ನೆಗುರುತು ಪ್ರಶ್ನೆಗುರುತಾಗಿಯೇ ಇತ್ತು. ಗಲಿಬಿಲಿಯಾಗಿ ಕಾಣುವುದು ಬೇರೆ, ಇದು ಬೇರೆ. ಗೋವಿಂದನನ್ನು ವಿಚಾರಿಸಿದಾಗ ತಿಳಿಯಿತು, ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಆ ಹಾಡನ್ನು ಉಳಿಸುವಾಗ, ಹಳೇ ಇಂಗ್ಲಿಷ್ ಕ್ರಮದಲ್ಲಿ ಉಳಿಸಿದರೆ ಈ ಅಕ್ಷರಗಳು ನಷ್ಟವಾಗುತ್ತವೆ ಎಂದು ಅದು ಎಚ್ಚರಿಕೆ ಕೊಟ್ಟಿದೆ. ಇಂಗ್ಲಿಷಿನಲ್ಲಿ ಎರಡು ಸಾಲಿಗಿಂತ ಹೆಚ್ಚು ಬಂದರೆ ನಾವೆಲ್ಲ ಮಾಡುವುದನ್ನೇ ಗೋವಿಂದನೂ ಮಾಡಿದ್ದ, ಓಕೆ ಒತ್ತಿದ್ದ. ಮಾರನೆಯ ದಿನ ಯಾರೋ ಗಿರಾಕಿ ಸರಿಯಾದ ಕ್ರಮ ಹೇಳಿಕೊಟ್ಟು ಉಳಿದ ಹಾಡು ಉಳಿದವು. ಮೊದಲನೆಯದು ಹೋಗಿತ್ತು.

ರೊದ್ದಂ ಮೇಲೆ ಹೋಗುವ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ಒಂದು ಬೋರ್ಡನ್ನೂ ಓದಲಿಲ್ಲ ಎಂದರೆ ನನ್ನ ಸ್ಥಿತಿ ನಿಮಗೆ ತಿಳಿಯಬಹುದು.

ಚಿಕ್ಕಮ್ಮ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಕೈಬೀಸಿ ಕರೆದು, ಗಲ್ಲ ಹಿಡಿದು, ಬಾಯಿ ಆಡಿಸಿದಳು. ದನಿ ಇಲ್ಲ. ಗೋವಿಂದ ತಾಯಿಯ ತುಟಿ ಓದಲು ಕಲಿತಿದ್ದಾನೆ. "ಸೊರಗಿದೀಯ ಪದ್ದಿ, ಅಂತಾಳೆ" ಎಂದ. ಎಂಬತ್ತು ಕಿಲೋ ಇರುವವಳಿಗೆ ಈ ಮಾತು ಹೇಳುವವರು ಲೋಕದಲ್ಲಿ ಅವಳೊಬ್ಬಳೇ.

ವಿಷಯ ಹೇಳಿದೆವು. ಅವಳು ಮಗನನ್ನು ಬೈಯಲಿಲ್ಲ. ತಾನು ಹೇಳುತ್ತೇನೆ, ಬರೆದುಕೊಳ್ಳಿ ಎಂದು ಸನ್ನೆ ಮಾಡಿ ನೆಟ್ಟಗೆ ಕೂತಳು. ಕಣ್ಣು ಮುಚ್ಚಿದಳು. ತುಟಿ ತೆರೆದಳು. ಅಲ್ಲಾಡಲಿಲ್ಲ. ಮತ್ತೆ ತೆರೆದಳು. ಸ್ವಲ್ಪ ಹೊತ್ತಾದ ಮೇಲೆ ಹೊಸ ಫೋನು ತೆಗೆದು ಮೆಲ್ಲಗೆ ಒತ್ತಿ ನನ್ನ ಕೈಗೆ ಕೊಟ್ಟಳು. ತೆಲುಗು ಅಕ್ಷರದಲ್ಲಿ ಇದ್ದದ್ದು ಇದು: "ರಾಗ ಇಲ್ದೆ ಮಾತು ಬರಾಕಿಲ್ಲ ಕಣೇ. ಹಾಡಿದ್ರೆ ಬತ್ತಿತ್ತು."

ಹುಟ್ಟಿದಾರಭ್ಯ ಹಾಡಿಯೇ ಗೊತ್ತು, ಹೇಳಿ ಗೊತ್ತಿಲ್ಲ. ಗಂಟಲು ಹೋದಾಗ ಅದರ ಜೊತೆ ಮಾತಿನ ದಾರಿಯೂ ಮುಚ್ಚಿಕೊಂಡಿತ್ತು. ಅವಳಿಗೇ ಇದು ಆಗ ಗೊತ್ತಾದದ್ದು. ಆ ಮುಖ ನೋಡಲು ನನ್ನ ಕೈಲಾಗಲಿಲ್ಲ. ಮೊರದಿಂದ ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ, ಏನಾದರೂ ಮಾಡಬೇಕಲ್ಲ ಎಂದು. ಒಂದೆರಡು ಬಾಯಿಗೂ ಹಾಕಿಕೊಂಡೆ. ಹಸಿ ಕಡಲೆಯ ಹಾಲು ನಾಲಿಗೆಗೆ ತಾಗಿದ ಕೂಡಲೇ, ದೇವರಾಣೆ ಹೇಳುತ್ತೇನೆ, ನನ್ನ ಬಾಯಲ್ಲಿ ತಾನಾಗಿ ಆ ರಾಗ ಗುನುಗಿಕೊಂಡಿತು. ಮಾತಿಲ್ಲ. ಬರೀ ಊಂ ಊಂ.

ನಾನು ಹಾಡುವವಳಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತರೆ ಹೆಡ್‌ಮಾಸ್ಟರು ನನ್ನನ್ನು ಮೈಕಿನಿಂದ ದೂರ ನಿಲ್ಲಿಸುತ್ತಿದ್ದರು. ಚಿಕ್ಕಮ್ಮ ಮುಖ ಸಿಂಡರಿಸಿದಳು. ತೊಡೆ ತಟ್ಟಿ ತಾಳ ಸರಿಮಾಡಿದಳು. ಕೈ ಮೇಲೆತ್ತಿ ಇಲ್ಲಿ ಏರಬೇಕು ಎಂದಳು, ಕೆಳಗಿಳಿಸಿ ಇಲ್ಲಿ ಇಳಿ ಎಂದಳು. ನಾನು ಏರಿದೆ, ಇಳಿದೆ. ಮೂರನೇ ಸಲ ಗುನುಗುವಾಗ ಅವಳ ತುಟಿ ಅಲ್ಲಾಡಿತು.

"ಹುಣಸೇ..." ಎಂದ ಗೋವಿಂದ, ತಾಯಿಯ ಬಾಯನ್ನೇ ನೋಡುತ್ತಾ. "ಅಕ್ಕ, ನಿಲ್ಲುಸ್ಬ್ಯಾಡ, ಹಾಡು, ಬತ್ತಾ ಐತೆ!"

ನಾನು ನಿಲ್ಲಿಸಲಿಲ್ಲ. ಒಂದು ಕೈಯಲ್ಲಿ ಟೈಪು ಮಾಡುತ್ತಾ, ಅಪಸ್ವರದಲ್ಲಿ ಗುನುಗುತ್ತಾ ಹೋದೆ. ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಗುರುತಿನ ಪುಟ ತೆರೆದೇ ಇತ್ತು. ಆಗ ಕಣ್ಣಿಗೆ ಬಿತ್ತು. ಹಾಳಾದ ಅಕ್ಷರ ಒಂದಕ್ಕೆ ಒಂದು ಪ್ರಶ್ನೆಗುರುತು, ಕೊಂಬಿಗೆ ಒಂದು, ಸೊನ್ನೆಗೆ ಒಂದು, ಒತ್ತಕ್ಷರ ಕೂಡಿಸುವ ಗುರುತಿಗೂ ಒಂದು. ಪದಗಳ ನಡುವಿನ ಜಾಗ ಇದ್ದ ಹಾಗೇ ಇದೆ. ಕಂಪ್ಯೂಟರು ಹಾಡನ್ನು ಕಳೆದಿತ್ತು, ಅದರ ಅಳತೆಯನ್ನು ಕಳೆದಿರಲಿಲ್ಲ. ಬಂದ ಸಾಲನ್ನು ಆ ಗುರುತುಗಳ ಕೆಳಗೆ ಇಟ್ಟು ನೋಡಿದರೆ ಪದಕ್ಕೆ ಪದ ಸರಿಯಾಗಿ ಕೂಡುತ್ತಿತ್ತು. ಒಂದು ಕಡೆ ಮಾತ್ರ "ಹುಣಸೇ ಮರದಾಗೆ" ಎಂದು ಬಂತು. ಗುರುತು ಒಂದು ಮಿಕ್ಕಿತು.

"ಚಿಕ್ಕಮ್ಮ, ಇಲ್ಲಿ ಇನ್ನೊಂಚೂರು ಉದ್ದ ಐತೆ ಕಣೆ" ಎಂದೆ.

ಅವಳು ಕಣ್ಣು ಮುಚ್ಚಿ ಕೈಯನ್ನು ತೂಗಿದಳು, ಎದುರಿಗೆ ಸೀರೆಯ ತೊಟ್ಟಿಲು ಇದೆಯೇನೋ ಎಂಬಂತೆ. ತುಟಿ ಅಲ್ಲಾಡಿತು. "ಕೊಂಬೆಗೆ" ಎಂದ ಗೋವಿಂದ. ಇಟ್ಟು ನೋಡಿದೆ. ಸರಿಯಾಗಿ ಕೂತಿತು. ರಾಗ ನನ್ನ ಹತ್ತಿರ ಇತ್ತು, ಮಾತು ಅವಳ ಹತ್ತಿರ, ಅಳತೆ ಆ ಹಾಳಾದ ಫೈಲಿನ ಹತ್ತಿರ. ಒಬ್ಬರು ಇಲ್ಲದಿದ್ದರೂ ಆಗುತ್ತಿರಲಿಲ್ಲ. ಮಧ್ಯಾಹ್ನದ ಊಟ ಮರೆತು ಕೂತು ಹಾಡನ್ನು ಕೊನೆಯ ತನಕ ತಂದೆವು.

ಹುಣಸೇ ಕೊಂಬೆಗೆ ಸೀರೆಯ ತೊಟ್ಟಿಲು
ಬಿಸಿಲಣ್ಣ ಬಗ್ಗಿ ನೋಡಬ್ಯಾಡ, ನಮ್ಮ
?????? ನಿದ್ದೆ ಕೆಡಿಸಬ್ಯಾಡ

ಮೂರನೇ ಸಾಲಿನ ಆ ಮೊದಲ ಪದ ಒಂದೇ ಬರಲಿಲ್ಲ. ಅಲ್ಲಿಗೆ ಬಂದಾಗ ಚಿಕ್ಕಮ್ಮನ ತುಟಿ ನಿಂತುಬಿಡುತ್ತಿತ್ತು. ಮತ್ತೆ ಮತ್ತೆ ಗುನುಗಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ಮರೆತೇಹೋಗಿದೆ, ಇನ್ನು ಪೀಡಿಸಬೇಡ ಎಂದು ಅರ್ಥ ಮಾಡಿಕೊಂಡೆ. ಅಷ್ಟು ಬಂತಲ್ಲ ಎಂದು ಸಮಾಧಾನ ಹೇಳಿಕೊಂಡರೂ, ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಆ ಆರು ಗುರುತುಗಳೇ ಕಾಣುತ್ತಿದ್ದವು. ಅವಳ ದನಿಯ ಹಾಗೆ ಅದೊಂದು ಪದವೂ ಹೋಯಿತಲ್ಲ ಎಂದು ಅಳು ಬಂತು.

ಉಳಿದ ಕೆಲಸ ಹಿಂದೂಪುರದಲ್ಲಿ. ಕಾವ್ಯಳಿಗೂ ಅವಳ ತವರಿನವರಿಗೂ ತೆಲುಗು ಅಕ್ಷರ ಬಾರದು. ಅವರಿಗಾಗಿ ಪುಸ್ತಕದ ಇನ್ನೊಂದು ಪ್ರತಿ ಕನ್ನಡ ಅಕ್ಷರದಲ್ಲಿ ಬೇಕಿತ್ತು. ಎಲ್ಲವನ್ನೂ ಮತ್ತೆ ಟೈಪು ಮಾಡಬೇಕೇನೋ ಎಂದುಕೊಂಡು ಆಮೇಲೆ ಬೀದಿಗಳ ನೆನಪಾಯಿತು. ತೆಲುಗಿನ ಕ ತನ್ನ ಬೀದಿಯಲ್ಲಿ ಎಷ್ಟನೇ ಮನೆಯೋ ಕನ್ನಡದ ಕ ತನ್ನ ಬೀದಿಯಲ್ಲಿ ಅಷ್ಟನೇ ಮನೆ. ಗ ಹಾಗೇ, ಮ ಹಾಗೇ, ಕೊಂಬು ಹಾಗೇ, ಸೊನ್ನೆ ಹಾಗೇ. ಎಲ್ಲಕ್ಕೂ ಒಂದೇ ಅಂತರ. ಹುಡುಕಿ ಬದಲಿಸು ಎಂಬ ಸೌಲಭ್ಯ ಎಡಿಟರಿನಲ್ಲಿ ಇದ್ದೇ ಇರುತ್ತದೆ. ತೆಲುಗಿನ ಕ ಹುಡುಕು, ಕನ್ನಡದ ಕ ಇಡು ಎಂದೆ. ಪುಸ್ತಕದಲ್ಲಿದ್ದ ಕ ಎಲ್ಲ ಒಟ್ಟಿಗೆ ತಲೆ ಬಾಚಿಕೊಂಡವು. ಆಮೇಲೆ ಗ. ಆಮೇಲೆ ಜ. ಕೊಂಬುಗಳೆಲ್ಲ ಆಸರೆ ತಪ್ಪಿ ಖಾಲಿ ಉಂಗುರದ ಮೇಲೆ ಕೂತವು, ಪುಟದ ತುಂಬಾ ಉಂಗುರ. ಧೈರ್ಯ ಮಾಡಿ ಮುಂದುವರಿದೆ. ಕೊನೆಗೆ ಕೊಂಬುಗಳನ್ನೂ ದಾಟಿಸಿದಾಗ ಉಂಗುರಗಳು ಒಂದೊಂದು ಸಾಲಿನಿಂದ ಮಾಯವಾಗುತ್ತಾ ಹೋಗಿ ಅಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಚಿಕ್ಕಮ್ಮ ಗೊತ್ತಿಲ್ಲದೆ ಹಾಕಿದ್ದ ಕನ್ನಡದ ಅಕ್ಷರಗಳು ಮೊದಲೇ ಬಂದು ಕಾಯುತ್ತಿದ್ದ ನೆಂಟರ ಹಾಗೆ ಜೊತೆಗೆ ಸೇರಿಕೊಂಡವು. ಅದೇ ಕೆಲಸ ತಿರುಗಾ ಮಾಡಿ ತೆಲುಗಿನ ಪ್ರತಿಯನ್ನೂ ಹಸನು ಮಾಡಿದೆ.

ಈ ನಂಬರುಗಳನ್ನು ಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಎಲ್ಲೋ ದೂರದಲ್ಲಿ ಕೂತವರು. ಹುಣಸೆಹಣ್ಣಿನ ಕೈ ತೊಳೆಯುತ್ತಾ ನಮ್ಮಪ್ಪ ಹೇಳಿದ್ದು ಅವರಿಗೆ ಹೇಗೆ ತಿಳಿದಿತ್ತು ಎಂದು ಯೋಚಿಸುತ್ತಾ ಸುಮಾರು ಹೊತ್ತು ಕೂತಿದ್ದೆ. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿಹೋಯಿತು.

ತೊಟ್ಟಿಲ ದಿನ ಬಂತು. ಮಗುವನ್ನು ಆ ತನಕ ಎಲ್ಲರೂ ಪಾಪ, ಪಾಪು ಎಂದಷ್ಟೇ ಕರೆಯುತ್ತಿದ್ದರು. ಇಡಬೇಕಾದ ಹೆಸರು ಮನೆಯವರಿಗೆ ಗೊತ್ತಿದ್ದರೂ, ಮಗುವಿನ ಕಿವಿಗೆ ಬೀಳುವ ಮೊದಲು ಯಾರ ಬಾಯಿಂದಲೂ ಬರಕೂಡದು. ಸೋದರತ್ತೆ ಬಗ್ಗಿ ಕಿವಿಯಲ್ಲಿ ಮೂರು ಸಲ ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ "ಜಾನ್ವಿ" ಎಂದಳು. ಹೆಂಗಸರು ಫೋನು ತೆಗೆದರು. ಕಲ್ಯಾಣದುರ್ಗದವರ ಕೈಯಲ್ಲಿ ತೆಲುಗು, ಮಧುಗಿರಿಯವರ ಕೈಯಲ್ಲಿ ಕನ್ನಡ. ಬಾಯಲ್ಲಿ ಒಂದೇ ಹಾಡು. ರಾಗ ಎತ್ತಿಕೊಡಲು ನನ್ನನ್ನು ಮುಂದೆ ತಳ್ಳಿದರು. ಎತ್ತಿಕೊಟ್ಟೆ, ಮಗು ಅಳಲಿಲ್ಲ. ಚಿಕ್ಕಮ್ಮ ತೊಟ್ಟಿಲ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

"ಬಿಸಿಲಣ್ಣ ಬಗ್ಗಿ ನೋಡಬ್ಯಾಡ, ನಮ್ಮ..."

ಎಲ್ಲರ ಹಾಡೂ ಅಲ್ಲಿಗೆ ನಿಂತಿತು. ಎರಡೂ ಪ್ರತಿಯಲ್ಲಿ ಅಲ್ಲಿ ಆರು ಪ್ರಶ್ನೆಗುರುತು. ಚಿಕ್ಕಮ್ಮ ನಿಲ್ಲಿಸಲಿಲ್ಲ. ಒಂದು ಕೈ ತಾಳ ಹಾಕುತ್ತಲೇ ಇತ್ತು, ಇನ್ನೊಂದು ಕೈ ನೀಡಿ ತೊಟ್ಟಿಲೊಳಗೆ ತೋರಿಸಿದಳು. ತುಟಿ ಅಗಲವಾಗಿ, ಎಲ್ಲರಿಗೂ ಓದಿಸುವ ಹಾಗೆ ಆಡಿತು. ಮೊದಲು ತಿಳಿದದ್ದು ಕಾವ್ಯಳಿಗೆ.

"ಜಾನ್ವಿಯ!" ಎಂದು ಕೂಗಿದಳು. "ಅಜ್ಜಿ ಮಗೀನ ಹೆಸ್ರು ಹೇಳ್ತಾವ್ರೆ ಕಣ್ರಿ! ಅದು ಹೆಸ್ರಿನ ಜಾಗ!"

"ಜಾನ್ವಿಯ ನಿದ್ದೆ ಕೆಡಿಸಬ್ಯಾಡ" ಎಂದು ಅಷ್ಟೂ ಜನ ಹೆಂಗಸರು ಒಟ್ಟಿಗೆ ಹಾಡಿದರು. ಅವಳು ಮರೆತಿರಲಿಲ್ಲ. ಹೆಸರಿಡದ ಮಗುವಿನ ಹೆಸರನ್ನು ಆವತ್ತು ಆಡಬಾರದಿತ್ತು, ಅದಕ್ಕೇ ತುಟಿಯ ಮೇಲೆ ಬೆರಳಿಟ್ಟಿದ್ದಳು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಹಾಡು ತಪ್ಪಿಸಿದೆ. ನಾನು ತಪ್ಪಿದ್ದರಿಂದ ಹಾಡು ಚೆನ್ನಾಗಾಯಿತೆಂದು ಆಮೇಲೆ ಎಲ್ಲರೂ ಹೇಳಿದರು.

ಊಟವಾದ ಮೇಲೆ ಲ್ಯಾಪ್‌ಟಾಪು ತೆಗೆದು ಆ ಗುರುತುಗಳ ಜಾಗಕ್ಕೆ ಹೆಸರು ತುಂಬಲು ಕೂತೆ. ಕಾವ್ಯ ಬಂದು ಕೈ ಹಿಡಿದಳು. "ಅಲ್ಲೇನೂ ಬರೀಬ್ಯಾಡಿ ಅತ್ತೆ, ಹಂಗೇ ಇರ್ಲಿ. ಇನ್ನೊಂದು ಮಗಕ್ಕೂ ಬೇಕಾಗ್ತದಲ್ಲ" ಎಂದಳು. ಹಾಗೇ ಬಿಟ್ಟೆ.

ಗೋವಿಂದ ಬಾಳೆಲೆ ಎತ್ತಿ ಬಂದು ಪಕ್ಕದಲ್ಲಿ ಕೂತ. "ಅಕ್ಕ, ಅವ್ವ ಅವತ್ತು ಟೈಪ್ ಮಾಡ್ದಾಗ ಅಲ್ಲಿ ನನ್ನೆಸ್ರೇ ಹಾಕಿರ್ತಾಳೆ ಬಿಡು. ಇರೋನು ಒಬ್ನೇ ಮಗ" ಎಂದ, ಹೆಮ್ಮೆಯಿಂದ. ನಾನು ಗೋವಿಂದನ ಎಂದು ಟೈಪು ಮಾಡಿ ಗುರುತುಗಳ ಕೆಳಗೆ ಇಟ್ಟೆ. ಕೊಂಬು, ಸೊನ್ನೆ ಎಲ್ಲ ಬಿಡಿಬಿಡಿಯಾಗಿ ಎಣಿಸಿದರೆ ಹೆಸರು ಒಂದು ಗುರುತಿನಷ್ಟು ಆಚೆಗೆ ಚಾಚಿತು.

"ಕೂರಾಕಿಲ್ವಲ್ಲೋ."

"ಕಂಪ್ಯೂಟ್ರು ಒಂದು ನುಂಗಿರ್ತದೆ."

"ಅದು ಎಣಿಕೆ ತಪ್ಪಾಕಿಲ್ಲ ಕಣೋ" ಎಂದು ನಾನು ವಾದಕ್ಕೆ ಇಳಿದೆ.

ನಮ್ಮ ಜಗಳ ಕೇಳಿಸಿಕೊಂಡು ಚಿಕ್ಕಮ್ಮ ತೊಟ್ಟಿಲ ಹಗ್ಗ ಬಿಟ್ಟು ಬಂದಳು. ಸದ್ದಿಲ್ಲದೆ ನಗುತ್ತಿದ್ದಳು. ಅವನ ತಲೆ ಸವರಿದಳು. ಆಮೇಲೆ ಬಗ್ಗಿ, ತಾನು ಮೊಟ್ಟಮೊದಲು ಆ ಹಾಡು ಹಾಡಿ ಮಲಗಿಸಿದ ಮಗುವಿನ, ಅಂದರೆ ಈ ಎಂಬತ್ತು ಕಿಲೋದ ಮುದುಕಿಯ ಎದೆಯ ಮೇಲೆ ಬೆರಳಿಟ್ಟಳು. ತುಟಿ ಅಲ್ಲಾಡಿತು. ಓದಿ ಹೇಳಲು ಗೋವಿಂದ ಬೇಕಾಗಲಿಲ್ಲ. ಪದ್ದಿಯ, ಎಂದಳು.